ಅಪ್ಪನ ಹೆಸರಿನ ಕರಿ ಕಾರ್ಡು

ಬ್ಯಾಂಕಿನಲ್ಲಿ ಕೆಲಸ ಮಾಡುವವನಿಗೆ ನಗು ಬರುವಂಥದ್ದು ಏನು ನಡೆಯುತ್ತದೆ ಎಂದು ಕೆಲವರು ಕೇಳುತ್ತಾರೆ. ಅಂಥವರು ಒಂದು ಸೋಮವಾರ ಬೆಳಿಗ್ಗೆ ಅರಸೀಕೆರೆಯ ನಮ್ಮ ಶಾಖೆಗೆ ಬಂದು ಕಂಬದ ಪಕ್ಕದ ನನ್ನ ಮೇಜಿನ ಮುಂದೆ ಅರ್ಧ ಗಂಟೆ ಕೂತರೆ ಸಾಕು. ಹಿಂದೆ ಬೇಲೂರಿನಲ್ಲೂ ಹಳೇಬೀಡಿನಲ್ಲೂ ಇದ್ದೆ. ಊರು ಬದಲಾಯಿತೇ ಹೊರತು ಇಂಥ ಪ್ರಸಂಗಗಳು ನನ್ನ ವಿಳಾಸ ಹುಡುಕಿಕೊಂಡು ಬರುವುದು ನಿಲ್ಲಲಿಲ್ಲ.

ಕಳೆದ ವರ್ಷ ನಮ್ಮ ಮ್ಯಾನೇಜರು ನನ್ನನ್ನು ಕರೆದು, "ಕ್ರೆಡಿಟ್ ಕಾರ್ಡ್ ಇರೋರಿಗೆಲ್ಲ ಫೋನ್ ಮಾಡಿ, ಅವರ ಕಾರ್ಡನ್ನ ಮೇಲ್ದರ್ಜೆಗೆ ಏರಿಸಿ" ಎಂದರು. ಸಾದಾ ಕಾರ್ಡಿದ್ದವರಿಗೆ ಗೋಲ್ಡು, ಗೋಲ್ಡ್ ಇದ್ದವರಿಗೆ ಅದರ ಮೇಲಿನದು. ಎಲ್ಲಕ್ಕಿಂತ ಮೇಲೆ ಒಂದು ಕರಿ ಕಾರ್ಡು. ಅದಿದ್ದರೆ ವಿಮಾನ ನಿಲ್ದಾಣದ ಲಾಂಜಿನಲ್ಲಿ ಮೆತ್ತನೆ ಸೋಫಾದ ಮೇಲೆ ಕೂತು, ತಣ್ಣಗೆ ಎಸಿಯಲ್ಲಿ, ಬೇಕಾದ ತಿಂಡಿಯನ್ನು ಬೇಕಾದಷ್ಟು ಸಲ ಹಾಕಿಸಿಕೊಂಡು ತಿನ್ನಬಹುದು.

ಇದನ್ನು ನಾನು ದಿನಕ್ಕೆ ಇಪ್ಪತ್ತು ಜನರಿಗೆ ಹೇಳುತ್ತಿದ್ದೆ. ಮನೆಗೆ ಬಂದ ಮೇಲೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಒಂದು ದಿನ ನನ್ನ ಹೆಂಡತಿ ತೊಗರಿಕಾಯಿ ಸುಲಿಯುತ್ತಾ, "ಊರೋರಿಗೆಲ್ಲ ಸೋಫಾ ಹಾಕಿಸಿಕೊಟ್ರಿ, ನನ್ನನ್ನ ಯಾವಾಗ ಕೂರಿಸ್ತೀರಿ?" ಎಂದಳು. ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬುವುದರಲ್ಲಿತ್ತು. ಕಾರ್ತಿಕದಲ್ಲಿ ಕಾಶಿಗೆ ವಿಮಾನದಲ್ಲೇ ಹೋಗುವುದೆಂದು ಆಗಲೇ ತೀರ್ಮಾನವಾಗಿತ್ತು. ಅವಳು ಅದುವರೆಗೆ ವಿಮಾನವನ್ನು ಮಾಳಿಗೆ ಮೇಲಿಂದ ಕತ್ತೆತ್ತಿ ನೋಡಿದ್ದಳು, ಅಷ್ಟೇ. ನಾನು ಎದೆ ತಟ್ಟಿಕೊಂಡು, "ಕಾಶಿಗೆ ಹೋಗೋ ದಿನ ನಿನ್ನನ್ನ ಲಾಂಜಲ್ಲಿ ಕೂರಿಸದಿದ್ರೆ ಕೇಳು" ಎಂದುಬಿಟ್ಟೆ. ಮಾರನೆಯ ದಿನವೇ ಈ ಸುದ್ದಿ ಬೇಲೂರಿನ ಅವಳ ತವರುಮನೆಗೂ ನಮ್ಮ ಬೀದಿಯ ಎರಡೂ ತುದಿಗೂ ಮುಟ್ಟಿತ್ತು. ಇನ್ನು ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ.

೧. ಮೇಲಕ್ಕೆ ಹತ್ತಿಸಬ್ಯಾಡಿ

ನಾನು ಮೊದಲು ಫೋನ್ ಮಾಡಿದ್ದು ಹಳೇಬೀಡಿನ ಒಬ್ಬ ಹೆಂಗಸಿಗೆ. ದೇವಸ್ಥಾನಕ್ಕೆ ಬರುವ ಪ್ರವಾಸಿಗರನ್ನು ನಂಬಿಕೊಂಡು ಊಟದ ಹೋಟೆಲ್ ನಡೆಸುತ್ತಾರೆ. ಅವರ ಮುದ್ದೆ, ಬಸ್ಸಾರು ನಾನೂ ಉಂಡವನೇ.

"ಅಮ್ಮಾ, ಬ್ಯಾಂಕಿಂದ ಮಾತಾಡ್ತಿರೋದು. ನಿಮ್ಮ ಕಾರ್ಡನ್ನ ಮೇಲ್ದರ್ಜೆಗೆ ಏರಿಸ್ತಾ ಇದ್ದೀವಿ" ಎಂದೆ.

ಆ ಕಡೆಯಿಂದ ಒಂದೇ ಸಮನೆ ಶುರುವಾಯಿತು. "ಅಯ್ಯೋ ಬ್ಯಾಡಿ ಸ್ವಾಮಿ, ನಿಮ್ಮ ದಮ್ಮಯ್ಯ! ಯಾರು ಚಾಡಿ ಹೇಳಿದ್ದು? ಆ ಸ್ಕೂಟರ್ ನಮ್ಮ ತಮ್ಮಂದು. ಫ್ರಿಜ್ಜು ನಮ್ಮಕ್ಕ ಇಡೋಕೆ ಜಾಗ ಇಲ್ಲ ಅಂತ ತಂದಿಟ್ಟೈತೆ. ಮಾಳಿಗೆ ಮೇಲೆ ಕಟ್ಟಿಸಿರೋ ರೂಮು ಪಾರಿವಾಳಕ್ಕೆ!"

ಎಷ್ಟು ಹೇಳಿದರೂ ನನ್ನ ಮಾತು ಅವರ ಕಿವಿಗೆ ಹೋಗಲಿಲ್ಲ. ಮಾರನೆಯ ದಿನ ಅವರೇ ಬಸ್ ಹತ್ತಿ ಅರಸೀಕೆರೆಗೆ ಬಂದರು. ಮಾಸಿದ ಸೀರೆ, ಬರಿ ಕಿವಿ, ಬರಿ ಕುತ್ತಿಗೆ. ಒಂದು ಕಾಲಿನ ಚಪ್ಪಲಿಗೆ ಪಿನ್ನು ಬೇರೆ ಹಾಕಿದ್ದರು. ಮೇಜಿನ ಮುಂದೆ ಕೈಮುಗಿದು ನಿಂತು, "ನೋಡಿ ಸ್ವಾಮಿ, ನೀವೇ ನೋಡಿ, ನಾವು ಮೇಲಿನೋರ ಥರ ಕಾಣ್ತೀವಾ?" ಎಂದರು.

ಆಗ ನನ್ನ ತಲೆಗೆ ಹೊಳೆಯಿತು. ನಮ್ಮ ಕಡೆ ಬರೀ ಕಾರ್ಡು ಎಂದರೆ ರೇಷನ್ ಕಾರ್ಡು. ಅದನ್ನು ಮೇಲಕ್ಕೆ ಏರಿಸುತ್ತಾರೆಂದರೆ ಬಿಪಿಎಲ್ ಹೋಗಿ ಎಪಿಎಲ್ ಆಗುತ್ತದೆ, ತಿಂಗಳ ಅಕ್ಕಿ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಬೆದರಿಕೆ ಇನ್ನೊಂದಿಲ್ಲ. ನಾನು ಅವರದೇ ಕ್ರೆಡಿಟ್ ಕಾರ್ಡನ್ನು ತೆಗೆಸಿ ತೋರಿಸಿ, "ಅಮ್ಮಾ, ಇದು ಕಣಮ್ಮ!" ಎಂದೆ.

ಅವರು ಉಸಿರು ಬಿಟ್ಟರು. "ಇದಾ? ಅದನ್ನ ಮೊದಲೇ ಹೇಳಬಾರದಾ? ಹತ್ತಿಸಿ ಸ್ವಾಮಿ, ಎಷ್ಟು ಮೇಲಕ್ಕೆ ಬೇಕಾದ್ರೂ ಹತ್ತಿಸಿ" ಎನ್ನುತ್ತಾ ಕುರ್ಚಿ ಎಳೆದುಕೊಂಡು ಕೂತರು. ಚೀಲದಿಂದ ಕರ್ಚೀಫಿನ ಗಂಟು ತೆಗೆದು, ಅದರಲ್ಲಿದ್ದ ಓಲೆಯನ್ನೂ ಎರಡೆಳೆ ಸರವನ್ನೂ ಅಲ್ಲೇ ಹಾಕಿಕೊಂಡರು. ನಾನು ಅರ್ಜಿ ತೆಗೆದು, "ವರ್ಷದ ಆದಾಯ ಎಷ್ಟು ಅಂತ ಬರೀಲಮ್ಮ?" ಎಂದು ಕೇಳಿದೆ.

ಅವರು ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಯಾವ ಕಾರ್ಡಿಗೆ, ಸ್ವಾಮಿ?"

೨. ಚಿಪ್ಪು

ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಸಾಹುಕಾರರು ನಮ್ಮ ಶಾಖೆಗೆ ಬಹಳ ಹಳಬರು. ಹಣೆ ತುಂಬ ವಿಭೂತಿ, ಹೆಗಲ ಮೇಲೊಂದು ಬಿಳಿ ವಲ್ಲಿ. ಅವರೂ ಅವರ ಯಜಮಾನತಿಯೂ ನಮ್ಮ ಜೊತೆಯಲ್ಲೇ ಕಾಶಿಗೆ ಬರುವವರಿದ್ದರು. ನನ್ನ ಮಾತಿಗೆ ಕಟ್ಟುಬಿದ್ದು ಕರಿ ಕಾರ್ಡಿಗೆ ಒಪ್ಪಿದರು.

ಈಗ ಹೆಸರಿನ ಕಥೆ ಹೇಳಬೇಕು. ನಮ್ಮ ಕಡೆ ಹೆಸರಿನ ಮುಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ಅಲ್ಲಿಗೆ ಮುಗಿಯಿತು. ದೂರದಲ್ಲೆಲ್ಲೋ ಕೂತು ಅರ್ಜಿ ತಯಾರಿಸಿದವರಿಗೆ ಇದು ಗೊತ್ತಿಲ್ಲ. ಅವರಿಗೆ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಬೇಕು. ಕೊನೆಯದನ್ನು ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ. ನಾನು ಆ ಜಾಗಕ್ಕೆ ಸಾಹುಕಾರರ ತಂದೆಯ ಹೆಸರು ತುಂಬಿದೆ. ಕಾರ್ಡು ಬಂದಾಗ ಸಾಹುಕಾರರ ಹೆಸರು ಒಂದೇ ಅಕ್ಷರಕ್ಕೆ ಇಳಿದು, ತಂದೆಯ ಹೆಸರು ಮಾತ್ರ ಪೂರ್ತಿಯಾಗಿ ಥಳಥಳ ಹೊಳೆಯುತ್ತಿತ್ತು.

ಸಾಹುಕಾರರು ಮನೆಗೆ ಕರೆಸಿದರು. ಬೆಲ್ಲದ ಕಾಫಿ ಕೊಡಿಸಿ, ನಾನು ಕುಡಿದು ಮುಗಿಸುವವರೆಗೆ ಕಾದು, ಆಮೇಲೆ ಹೇಳಿದರು: "ನಮ್ಮಪ್ಪ ಇರೋವರೆಗೂ ಒಬ್ಬರ ಹತ್ರ ಕೈ ಚಾಚಿದೋರಲ್ಲ ಸಾರ್. ಲಿಂಗೈಕ್ಯರಾಗಿ ಹನ್ನೆರಡು ವರ್ಷ ಆದಮೇಲೆ ಅವರ ಹೆಸರಲ್ಲಿ ಸಾಲದ ಕಾರ್ಡ್ ಮಾಡಿಸಿಬಿಟ್ರಲ್ಲ."

ನನಗೆ ನಾಚಿಕೆಯಾಯಿತು. ಬದಲಾಯಿಸಿ ಕೊಡುತ್ತೇನೆಂದು ಕೈ ಚಾಚಿದೆ. "ಎಲ್ಲಿ ಬದಲಾಯಿಸ್ತೀರಿ?" ಎನ್ನುತ್ತಾ ಅವರು ನನ್ನನ್ನು ದೇವರ ಮನೆಯ ಬಾಗಿಲಿಗೆ ಕರೆದುಕೊಂಡು ಹೋದರು. ಕಪ್ಪು ವಸ್ತು ಮನೆಗೆ ಬಂತೆಂದು ಯಜಮಾನತಿ ಅದಕ್ಕೆ ದೃಷ್ಟಿ ತೆಗೆದು, ಮಾವನವರ ಹೆಸರಿದೆಯೆಂದು ಅವರ ಫೋಟೋದ ಕೆಳಗೆ ನಿಲ್ಲಿಸಿ, ಅಡ್ಡಕ್ಕೆ ಮೂರು ಗೆರೆ ವಿಭೂತಿ ಎಳೆದಿದ್ದರು. ಒಂದು ಕಣಗಲೆ ಹೂವೂ ಇತ್ತು. "ಪೂಜೆಗೆ ಕೂತೋರನ್ನ ಎಬ್ಬಿಸಬಾರದು" ಎಂದರು ಸಾಹುಕಾರರು.

"ಆಯ್ತು ಬಿಡಿ, ಆದರೆ ಆ ಚಿಪ್ಪಿನ ಮೇಲೆ ವಿಭೂತಿ ಹಚ್ಚಬೇಡಿ. ಮೆಷೀನ್ ಓದಲ್ಲ" ಎಂದೆ.

"ಯಾವ ಚಿಪ್ಪು?"

ಕಾರ್ಡಿನ ಮೇಲಿನ ಹೊಂಬಣ್ಣದ ಚೌಕ ತೋರಿಸಿದೆ. ಸಾಹುಕಾರರು ಅದನ್ನೇ ನೋಡಿ ಹೊಟ್ಟೆ ಕುಣಿಯುವಂತೆ ನಕ್ಕರು. "ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದೋನಿಗೆ ಚಿಪ್ಪು ತೋರಿಸ್ತೀರಾ ಸಾರ್? ಬ್ಯಾಂಕಿನೋರು ಕೊನೆಗೆ ಕೈಗೆ ಕೊಡೋದು ಅದೇ ಅಂತ ಗೊತ್ತಿತ್ತು. ನೀವು ಒಳ್ಳೆಯೋರು, ಮೊದಲೇ ಕೊಟ್ಟುಬಿಟ್ರಿ."

೩. ದೆಲ್ಲಿ ರೇಟು

ಕಾರ್ಡು ದೇವರ ಮನೆ ಬಿಟ್ಟು ಈಚೆಗೆ ಬರಲಿಲ್ಲ. ಆದರೆ ಅದರ ಹಿಂದೆ ದೆಲ್ಲಿಯ ಒಂದು ಫೋನ್ ನಂಬರಿತ್ತು. ಕರಿ ಕಾರ್ಡಿನವರು ಯಾವ ಹೊತ್ತಿನಲ್ಲಿ ಕರೆ ಮಾಡಿ ಏನು ಕೇಳಿದರೂ ಒದಗಿಸಿಕೊಡುತ್ತಾರೆಂದು ನಾನೇ ಹೇಳಿದ್ದೆ. ಹೂಗುಚ್ಛ ಕಳಿಸುವುದು, ದೊಡ್ಡ ಹೋಟೆಲಿನಲ್ಲಿ ಮೇಜು ಕಾದಿರಿಸುವುದು, ಇಂಥವೆಲ್ಲ. ಸಾಹುಕಾರರು ಆ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡಿದ್ದರು.

ಅವರಿಗೆ ಬೇಕಾಗಿದ್ದದ್ದು ಹೂವಲ್ಲ. ಜಾವಗಲ್ ದಾರಿಯ ತೋಟದಲ್ಲಿ ಕಾಯಿ ಬಲಿತು ನಿಂತಿತ್ತು, ಮರ ಹತ್ತುವವರು ಸಿಗುತ್ತಿರಲಿಲ್ಲ. ವರ್ಷವೂ ಬರುತ್ತಿದ್ದವನನ್ನು ಹೋದ ಸಲ ತಡವಾಗಿ ಬಂದನೆಂದು ಇವರೇ ಬೈದು ಕಳಿಸಿದ್ದರು. ಅವನು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಸಾಹುಕಾರರು ದೆಲ್ಲಿಗೆ ಫೋನ್ ಹಚ್ಚಿದರು. ಅಲ್ಲಿ ಕನ್ನಡ ಬರುವ ಒಬ್ಬ ಹುಡುಗಿ ಸಿಕ್ಕಳಂತೆ.

"ಮರ ಹತ್ತೋದು ನಿಮ್ಮ ಹವ್ಯಾಸವಾ ಸರ್?" ಎಂದು ಕೇಳಿದಳಂತೆ ಅವಳು.

"ನನಗೀಗ ಅರವತ್ತೆಂಟು ತಾಯಿ. ಹತ್ತೋರನ್ನ ಕಳಿಸಿಕೊಡವ್ವ" ಎಂದರಂತೆ ಇವರು.

ನಾಲ್ಕು ದಿನ ಅವಳು ಬಿಡದೆ ಯಾರು ಯಾರಿಗೋ ಫೋನ್ ಮಾಡಿರಬೇಕು. ಐದನೆಯ ದಿನ ತೋಟದ ಗೇಟಿನ ಮುಂದೆ ಒಬ್ಬ ಮನುಷ್ಯ ಹಗ್ಗ, ಮಚ್ಚು ಹಿಡಿದು ನಿಂತಿದ್ದ. ಸಾಹುಕಾರರು ನೋಡುತ್ತಾರೆ, ಬೈಸಿಕೊಂಡು ಹೋಗಿದ್ದ ಅದೇ ಜಾವಗಲ್ಲಿನವನು.

"ಏನ್ಲಾ, ನೀನಾ?"

"ಹೂಂ ಸಾವ್ಕಾರ್ರೇ, ನಾನೇಯಾ. ದೆಲ್ಲಿಯಿಂದ ಫೋನ್ ಬಂದಿತ್ತು. ಸರ್ ಸರ್ ಅಂತ ಕರೆದು ಭಾರಿ ಮರ್ವಾದೆಯಾಗಿ ಮಾತಾಡಿದ್ರು."

"ಸರಿ, ಹತ್ತು ಮತ್ತೆ."

"ಹತ್ತೀನಿ. ಆದ್ರೆ ನಿಮ್ಮ ಕಾರ್ಡ್ ಮೇಲಕ್ಕೋಗೈತಂತೆ. ನನ್ನ ರೇಟೂವೆ ಅದರ ಜತೇಲೇ ಮೇಲಕ್ಕೋಗೈತೆ."

೪. ಬ್ಯಾಂಕು ಮತ್ತು ಬಂಕು

ಊರಿಗೆಲ್ಲ ಕಾರ್ಡು ಹಂಚಿದವನು ಕೊನೆಗೆ ನನ್ನದಕ್ಕೂ ಅರ್ಜಿ ಹಾಕಿದೆ. ಮೂರನೆಯ ದಿನ ಉತ್ತರ ಬಂತು. ನೀವು ಈಗಿರುವ ಕಾರ್ಡನ್ನು ಬಳಸಿದ್ದೇ ಕಡಿಮೆ, ಮೇಲ್ದರ್ಜೆಗೆ ಅರ್ಹರಲ್ಲ ಎಂದು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಆ ಕತ್ತಲೆಯಲ್ಲಿ ನಾನು ಕೂತಿದ್ದೆ. ನನ್ನ ಹೆಂಡತಿ ಮಾತ್ರ ಖುಷಿಯಿಂದ, "ನೀವು ಜಿಪುಣರು ಅಂತ ನಾನು ಹೇಳಿದ್ರೆ ಸಿಟ್ಟು ಬರ್ತಿತ್ತು. ಈಗ ಬ್ಯಾಂಕೇ ಸರ್ಟಿಫಿಕೇಟ್ ಕೊಟ್ಟಿದೆ, ಕಟ್ಟು ಹಾಕಿಸಿ" ಎಂದಳು.

ಖರ್ಚು ಮಾಡದೆ ಖರ್ಚು ತೋರಿಸುವುದು ಹೇಗೆ? ಒಂದು ಭಾನುವಾರ ಬೇಲೂರಿನ ಅವಳ ತವರಿಗೆ ಹೋಗಿದ್ದಾಗ ಉಪಾಯ ಹೊಳೆಯಿತು. ಪೆಟ್ರೋಲ್ ಬಂಕಿನಲ್ಲಿ ನಿಂತು, ಬಂದವರಿಗೆ, "ನಿಮ್ಮ ದುಡ್ಡು ನನಗೆ ಕೊಡಿ, ನಿಮ್ಮ ಪೆಟ್ರೋಲಿಗೆ ನಾನು ಕಾರ್ಡ್ ಉಜ್ಜುತ್ತೀನಿ" ಎಂದು ಕೇಳತೊಡಗಿದೆ. ಮೊದಲನೆಯವನು ನನ್ನನ್ನು ಕಳ್ಳನೆಂದುಕೊಂಡ. ಎರಡನೆಯವನು ಹರಕೆ ಹೊತ್ತಿದ್ದೀರಾ ಎಂದು ಕೇಳಿದ. ಮೂರನೆಯವನಿಂದ ವ್ಯವಹಾರ ಕುದುರಿತು.

ನನ್ನ ಫೋನಿಗೆ ಗಿರಾಕಿಗಳ ಕಾಟವೆಂದು ಕಾರ್ಡಿಗೆ ಹೆಂಡತಿಯ ನಂಬರು ಕೊಟ್ಟಿದ್ದೆ. ಉಜ್ಜಿದ ಪ್ರತಿ ಸಲವೂ ಮೆಸೇಜು ಅವಳಿಗೆ ಹೋಗುತ್ತಿತ್ತು. ಹತ್ತನೆಯ ಸಲಕ್ಕೆ ಅವಳಿಂದ ಫೋನ್ ಬಂತು. "ರೀ, ಎಲ್ಲಿದ್ದೀರಿ? ನಮ್ಮ ಸ್ಕೂಟರು ಪೆಟ್ರೋಲ್ ಕುಡೀತಿದೆಯೋ, ಅದರಲ್ಲಿ ಸ್ನಾನ ಮಾಡ್ತಿದೆಯೋ?"

ಅವಳಿಗೆ ಸಮಜಾಯಿಷಿ ಹೇಳಿ ಫೋನಿಡುವಷ್ಟರಲ್ಲಿ ಹೊಸ ಸ್ಕೂಟರೊಂದು ಪಕ್ಕಕ್ಕೆ ಬಂದು ನಿಂತಿತು. ಹಳೇಬೀಡಿನ ಹೋಟೆಲಿನ ಅಮ್ಮ! ತಮ್ಮನ ಸ್ಕೂಟರನ್ನು ತಾವೇ ಓಡಿಸಿಕೊಂಡು ಬಂದಿದ್ದರು. ಕೈಯಲ್ಲಿ ನೋಟು ಹಿಡಿದು ನಿಂತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದೇನ್ ಸ್ವಾಮಿ, ಬ್ಯಾಂಕ್ ಬಿಟ್ಟು ಬಂಕ್ ಸೇರ್ಕಂಡ್ರಾ?" ಎಂದರು. ನನ್ನ ಕಾರ್ಡು ಮೇಲಕ್ಕೆ ಹೋಗದ ಕಥೆ ಹೇಳಿದೆ. ಅವರಿಗೆ ನಿಜವಾಗಿ ಕನಿಕರವಾಯಿತು.

"ಮೇಲಿಂದು ಸಿಗದಿದ್ರೆ ಬ್ಯಾಸರ ಮಾಡ್ಕಬ್ಯಾಡಿ" ಎಂದರು. "ಕೆಳಗಿಂದು ಮಾಡಿಸಿಕೊಡೋರು ನಮಗೆ ಗೊತ್ತವ್ರೆ."

೫. ಸ್ವಲ್ಪ ನಗಿ ಸರ್

ಬಂಕಿನ ಪುಣ್ಯದಿಂದ ಎರಡನೆಯ ಅರ್ಜಿ ಒಂದು ಮೆಟ್ಟಿಲು ಮುಂದಕ್ಕೆ ಹೋಯಿತು. ಇನ್ನುಳಿದಿದ್ದು ವೀಡಿಯೊ ಪರಿಶೀಲನೆ. ಅರ್ಜಿ ಹಾಕಿದವನು ನಾನೇ, ನನ್ನ ಫೋಟೋ ಅಲ್ಲ ಎಂದು ತೋರಿಸಬೇಕು. ಮನೆಯೊಳಗೆ ಬೆಳಕು ಸಾಲದೆಂದು ಆ ಕಡೆಯ ಹುಡುಗಿ ಹೇಳಿದಳು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಫೋನ್ ಹಿಡಿದು ಮಾಳಿಗೆ ಹತ್ತಿದೆ.

"ಕಣ್ಣು ಮಿಟುಕಿಸಿ ಸರ್" ಎಂದಳು. ಮಿಟುಕಿಸಿದೆ. "ಎರಡೂ ಕಣ್ಣು ಅಲ್ಲದಿದ್ರೂ ಪರವಾಗಿಲ್ಲ, ಸರಿಯಾಗಿ ಕಾಣಬೇಕು." ಒಂದನ್ನೇ ಗಟ್ಟಿಯಾಗಿ ಮಿಟುಕಿಸಿದೆ. "ಈಗ ಎಡಕ್ಕೆ ತಿರುಗಿ. ಸ್ವಲ್ಪ ನಗಿ ಸರ್."

ಎಡಕ್ಕೆ ತಿರುಗಿ ನಕ್ಕೆ. ಮಿಟುಕಿಸುವುದನ್ನು ನಿಲ್ಲಿಸು ಎಂದು ಅವಳು ಹೇಳಿರಲಿಲ್ಲ, ಅದನ್ನೂ ಮುಂದುವರಿಸಿದೆ. ಎಡಗಡೆಯ ಮಾಳಿಗೆಯ ಮೇಲೆ ಪಕ್ಕದ ಮನೆಯಾಕೆ ಸಂಡಿಗೆ ಇಡುತ್ತಿದ್ದರು. ಹದಿನೆಂಟು ವರ್ಷದಿಂದ ನನ್ನನ್ನು ಅಣ್ಣಾ ಎಂದು ಕರೆಯುವ ಹೆಣ್ಣುಮಗಳು. ಅವರ ಕೈಯ ಹಿಟ್ಟು ಹಾಗೇ ನಿಂತಿತು. ಸೆರಗು ಸರಿಮಾಡಿಕೊಂಡು, ಧಡಧಡ ಮೆಟ್ಟಿಲಿಳಿದು ನೇರ ನಮ್ಮ ಅಡುಗೆಮನೆಗೆ ಹೋದರು.

ಎರಡೇ ನಿಮಿಷ. ಸೌಟು ಹಿಡಿದ ನನ್ನ ಹೆಂಡತಿ ನನ್ನ ಹಿಂದೆ ನಿಂತಿದ್ದಳು. ಅವಳಿಗೆ ಫೋನಿನಲ್ಲಿ ಹುಡುಗಿಯ ಮುಖ ಕಂಡಿತು. "ಇಪ್ಪತ್ತೈದು ವರ್ಷದಲ್ಲಿ ನನ್ನ ಕಡೆ ತಿರುಗಿ ಒಂದು ಸಲ ಹೀಗೆ ಮಾಡಿಲ್ಲ. ಈವತ್ತು ಒಟ್ಟಿಗೆ ಇಬ್ಬರಿಗಾ?" ಎಂದಳು.

ಹುಡುಗಿ ಬಹಳ ವಿನಯದಿಂದ, "ಕ್ಷಮಿಸಿ ಸರ್, ಚಿತ್ರದಲ್ಲಿ ಎರಡನೇ ವ್ಯಕ್ತಿ ಬಂದಿದ್ದಾರೆ, ಪರಿಶೀಲನೆ ರದ್ದಾಯ್ತು" ಎಂದಳು. ನನ್ನ ಹೆಂಡತಿ ಸೌಟು ಎತ್ತಿ ತಿದ್ದಿದಳು: "ಎರಡನೇ ವ್ಯಕ್ತಿ ನೀನಮ್ಮ. ನಾನು ಮೊದಲನೆಯೋಳು."

೬. ಅತಿಥಿಗಳು

ಮಾರನೆಯ ದಿನ ಆಫೀಸಿನ ಕಂಪ್ಯೂಟರಿನಲ್ಲಿ ನೋಡಿಕೊಂಡೆ. ಅರ್ಜಿ ತಿರಸ್ಕೃತ, ಮೂರು ತಿಂಗಳ ನಂತರ ಮತ್ತೆ ಪ್ರಯತ್ನಿಸಿ. ಕಾಶಿಗೆ ಹತ್ತೇ ದಿನ ಉಳಿದಿತ್ತು. ಮನೆಯಲ್ಲಿ ಹೇಳುವ ಧೈರ್ಯ ಬರಲಿಲ್ಲ. ಅವಳು ಲಾಂಜಿಗೆಂದೇ ಹೊಸ ಸೀರೆಗೆ ಅಂಚು ಹೊಲಿಸಿದ್ದಳು. "ಕಾರ್ಡ್ ಬಂತಾ?" ಎಂದು ಅವಳು ಕೇಳಿದಾಗಲೆಲ್ಲ, "ಆಫೀಸಲ್ಲಿದೆ, ಭದ್ರವಾಗಿದೆ" ಎಂದೆ. ಹತ್ತು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ.

ಹೊರಟ ದಿನ ಅವಳು ಬೆಳಿಗ್ಗೆಯಿಂದ ಏನೂ ತಿನ್ನಲಿಲ್ಲ. ಅಲ್ಲಿ ಅಷ್ಟೊಂದು ತಿಂಡಿ ಇರುವಾಗ ಹೊಟ್ಟೆ ತುಂಬಿಸಿಕೊಂಡು ಹೋಗುವುದು ದಡ್ಡತನವಂತೆ. ವಿಮಾನ ನಿಲ್ದಾಣದ ಲಾಂಜಿನ ಬಾಗಿಲಿಗೆ ನಾಲ್ವರೂ ಬಂದೆವು. ನಾನು ದೇವರ ಮೇಲೆ ಭಾರ ಹಾಕಿ ನನ್ನ ಹಳೆಯ ಕಾರ್ಡನ್ನೇ ಕೊಟ್ಟೆ. ಮೇಜಿನ ಹಿಂದಿದ್ದ ಹುಡುಗಿ ಉಜ್ಜಿ ನೋಡಿ, "ಇದಕ್ಕೆ ಇಲ್ಲ ಸರ್" ಎಂದಳು. ಬೆನ್ನ ಹಿಂದೆ ಹೆಂಡತಿ ನಿಂತಿದ್ದಳು. ನನಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಸಾಹುಕಾರರು, "ತಡೀರಿ ಸಾರ್, ನಮ್ಮಪ್ಪ ಬಂದಿದ್ದಾರಲ್ಲ" ಎಂದು ಜೇಬಿನಿಂದ ಕರಿ ಕಾರ್ಡು ತೆಗೆದರು. ಅಷ್ಟು ತಿಂಗಳ ಪೂಜೆಯ ವಿಭೂತಿ ಪದರ ಪದರವಾಗಿ ಅದರ ಮೇಲಿತ್ತು. ಮೆಷೀನು ಕೂಗಿಕೊಂಡಿತು. ಸಾಹುಕಾರರು ಕಾರ್ಡನ್ನು ಕಣ್ಣಿಗೊತ್ತಿಕೊಂಡು, ವಲ್ಲಿಯ ತುದಿಯಿಂದ ಚಿಪ್ಪನ್ನು ಒರೆಸಿ ಮತ್ತೆ ಕೊಟ್ಟರು. ಈ ಸಲ ಹಸಿರು ದೀಪ ಬಂತು. ಹುಡುಗಿ ಎದ್ದು ನಿಂತು, ಕೈಮುಗಿದು, ಅವರ ತಂದೆಯ ಹೆಸರು ಹಿಡಿದು, "ಸುಸ್ವಾಗತ ಸರ್" ಎಂದಳು.

ಸಾಹುಕಾರರ ಕಣ್ಣು ಒದ್ದೆಯಾಯಿತು. ಅವರ ಅಪ್ಪ ಅರಸೀಕೆರೆ ಸ್ಟೇಷನ್ನಿನಲ್ಲಿ ಕೊಬ್ಬರಿ ಮೂಟೆಯ ಮೇಲೆ ಕೂತು ರೈಲಿಗೆ ಕಾಯುತ್ತಿದ್ದರಂತೆ. "ಕೇಳಿದ್ಯೇನೇ, ನಮ್ಮಪ್ಪನ್ನ ಒಳಗೆ ಕರೀತಿದ್ದಾರೆ" ಎಂದರು ಯಜಮಾನತಿಗೆ.

"ಆದ್ರೆ ಕಾರ್ಡಿನವರ ಜೊತೆ ಒಬ್ಬರೇ ಅತಿಥಿ ಸರ್" ಎಂದಳು ಹುಡುಗಿ.

"ಹಾಗಿದ್ರೆ ಹೆಣ್ಣುಮಕ್ಕಳಿಬ್ಬರೂ ಹೋಗಲಿ ಬಿಡಮ್ಮ. ನಾವು ಹೊರಗಿನದು ತಿನ್ನೋರಲ್ಲ, ಬುತ್ತಿ ಇದೆ."

"ಹಾಗಾಗಲ್ಲ ಸರ್. ಕಾರ್ಡಲ್ಲಿ ಹೆಸರಿರೋರು ಒಳಗೆ ಬರಲೇಬೇಕು."

"ಅವರು ಹೇಗೆ ಬರ್ತಾರೆ ತಾಯಿ? ಎಕ್ಸ್‌ಪೈರ್ ಆಗಿ ಹನ್ನೆರಡು ವರ್ಷ ಆಯ್ತು."

ಹುಡುಗಿ ಗಾಬರಿಯಿಂದ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇಲ್ವಲ್ಲ ಸರ್, ಕಾರ್ಡ್ ಎಕ್ಸ್‌ಪೈರ್ ಆಗೋಕೆ ಇನ್ನೂ ನಾಲ್ಕು ವರ್ಷ ಇದೆ."

"ಕಾರ್ಡಲ್ಲಮ್ಮ, ಅಪ್ಪ!"

ತೀರಿಹೋದವರ ಕಾರ್ಡು ಎಂದೊಡನೆ ಹುಡುಗಿ ಮೇಲಿನವರಿಗೆ ಫೋನ್ ಮಾಡಿದಳು. ಕಾಶಿಯ ಬದಲು ಪೊಲೀಸ್ ಠಾಣೆ ನೋಡುವ ಯೋಗ ಬಂತೆಂದುಕೊಂಡೆ. ಕೋಟು ಹಾಕಿದ ಸೂಪರ್‌ವೈಸರ್ ಬಂದ. ನಾನು ಹರಕು ಮುರುಕು ಇಂಗ್ಲಿಷಿನಲ್ಲಿ ಇನಿಷಿಯಲ್ಲು, ಊರು, ಅಪ್ಪ, ಕೊನೆಯ ಹೆಸರು ಎಂದು ವಿವರಿಸುತ್ತಾ ಬೆವೆತೆ. ಅವನು ಪೂರ್ತಿ ಕೇಳಿಸಿಕೊಂಡು, "ಯಾವೂರಾಯ್ತು ಸಾರ್ ತಮ್ಮದು?" ಎಂದ.

"ಅರಸೀಕೆರೆ."

"ನಮ್ಮದು ಬೇಲೂರು ತಾಲ್ಲೂಕು, ಅರೇಹಳ್ಳಿ." ಕೋಟಿನ ಮೇಲಿನ ಹೆಸರಿನ ಪಟ್ಟಿಯನ್ನು ಬೆರಳಲ್ಲಿ ತಟ್ಟಿ ತೋರಿಸಿದ. "ಇದೂ ನಮ್ಮಪ್ಪನ ಹೆಸರೇ ಸಾರ್. ಆರು ವರ್ಷದಿಂದ ಇಲ್ಲಿ ಎಲ್ಲರೂ ಅಪ್ಪನ್ನ ಕರೀತಾರೆ, ನಾನು ಓ ಅಂತೀನಿ."

ಆಮೇಲೆ ಹುಡುಗಿಯ ಕಡೆ ತಿರುಗಿ, "ಇವರಿಬ್ಬರು ಇವರಪ್ಪನ ಲೆಕ್ಕ. ಆ ಇಬ್ಬರು ನಮ್ಮಪ್ಪನ ಗೆಸ್ಟು" ಎಂದು ಬಾಗಿಲು ತೆಗೆದ.

ನನ್ನ ಹೆಂಡತಿ ಸೋಫಾದ ಮೇಲೆ ಕೂತಳು. ಮೊದಲು ಅಂಚಿಗೆ, ಆಮೇಲೆ ಹಿಂದಕ್ಕೆ ಒರಗಿ, ಆಮೇಲೆ ಹೊಸ ಸೀರೆಯ ನೆರಿಗೆ ಹರಡಿಕೊಂಡು. ತಟ್ಟೆಗೆ ಬಂದ ಇಡ್ಲಿಯನ್ನು ಒಮ್ಮೆ ಒತ್ತಿ ನೋಡಿ ಪಕ್ಕಕ್ಕಿಟ್ಟಳು. ಅಷ್ಟರಲ್ಲಿ ಸಾಹುಕಾರರ ಯಜಮಾನತಿ ಬುತ್ತಿ ಬಿಚ್ಚಿದ್ದರು. ರೊಟ್ಟಿ, ಎಣ್ಣೆಗಾಯಿ, ಹುಚ್ಚೆಳ್ಳು ಚಟ್ನಿಪುಡಿ. ಆ ವಾಸನೆಗೆ ಇಡೀ ಲಾಂಜು ಇತ್ತ ತಿರುಗಿತು. ಅರೇಹಳ್ಳಿಯವನು ಎರಡು ರೊಟ್ಟಿ ತಿಂದೇ ಹೋದ.

ನಾನು ಮೆಲ್ಲಗೆ ಹೆಂಡತಿಗೆ ಹೇಳಿದೆ. "ನನ್ನ ಕಾರ್ಡು ಬಂದಿರಲಿಲ್ಲ ಕಣೇ."

"ಗೊತ್ತು. ಬರಲಿಲ್ಲ ಅಂತ ಮೆಸೇಜು ನನ್ನ ಫೋನಿಗೇ ಬಂತಲ್ಲ, ಹತ್ತು ದಿನ ಆಯ್ತು" ಎಂದಳು ರೊಟ್ಟಿ ಮುರಿಯುತ್ತಾ. "ಅದಕ್ಕೇ ಯಜಮಾನತಿಯವರಿಗೆ ಫೋನ್ ಮಾಡಿ, ನಿಮ್ಮ ಮಾವನೋರ ಕಾರ್ಡ್ ಮರೀದೆ ತನ್ನಿ, ಬುತ್ತಿ ನಾಲ್ಕು ಜನಕ್ಕೆ ಕಟ್ಟಿ ಅಂದಿದ್ದೆ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ? ಹತ್ತು ದಿನ ನಿದ್ದೆ ಇಲ್ಲದೆ ಒದ್ದಾಡಿದೆನಲ್ಲೇ!"

"ಒದ್ದಾಡಲಿ ಅಂತಲೇ. ಪಕ್ಕದ ಮನೆಯೋಳಿಗೆ ಕಣ್ಣು ಹೊಡೆದಿದ್ದಕ್ಕೆ ಅಷ್ಟೂ ಬೇಡವಾ?" ಎಂದು ಬಾಯಿ ಒರೆಸಿಕೊಂಡು, ಕೈಕಟ್ಟಿ, ಥೇಟ್ ಆ ವೀಡಿಯೊ ಹು​ಡುಗಿಯ ದನಿಯಲ್ಲಿ ಹೇಳಿದಳು: "ಈಗ ಎಡಕ್ಕೆ ತಿರುಗಿ ಸರ್. ಸ್ವಲ್ಪ ನಗಿ. ಕಣ್ಣು ಮಿಟುಕಿಸಿ."

ಅಷ್ಟು ಜನರ ಮಧ್ಯೆ, ಸಾಹುಕಾರರು ನೋಡುತ್ತಿದ್ದಂತೆಯೇ, ನಾನು ಎಡಕ್ಕೆ ತಿರುಗಿದೆ, ನಕ್ಕೆ, ಮಿಟುಕಿಸಿದೆ. ಅವಳು ನನ್ನ ಮುಖವನ್ನು ಚೆನ್ನಾಗಿ ಪರಿಶೀಲಿಸಿ ನೋಡಿ ಹೇಳಿದಳು:

"ಇಪ್ಪತ್ತೈದು ವರ್ಷ ಆಯ್ತು, ಅದೇ ಹಳೇ ಕಾರ್ಡು. ಇರಲಿ, ಇನ್ನೂ ಎಕ್ಸ್‌ಪೈರ್ ಆಗಿಲ್ಲ, ನಡೆಯುತ್ತೆ."